ಆಗುಂಬೆಯಿಂದ, ಅಕ್ಕನಿಗೆ

ಅಕ್ಕಾ,

ಸುಖವಾಗಿ ತಲುಪಿದೆ. ರಾತ್ರಿ ಹನ್ನೊಂದೂವರೆ. ಕರೆಂಟಿಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ಮೇಣದಬತ್ತಿ ಬೆಳಕಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ದರೆ ಬೈಬೇಡ. ಅಮ್ಮನ ಬಿಪಿ ಮಾತ್ರೆ ಶುಕ್ರವಾರಕ್ಕೆ ಮುಗಿಯುತ್ತೆ, ಮೊದಲೇ ತರಿಸಿಡು.

ಸೂರ್ಯಾಸ್ತದ ಜಾಗಕ್ಕೆ ಹೋಗಿದ್ದೆ. ಜುಲೈನಲ್ಲಿ ಇಲ್ಲಿ ಸೂರ್ಯನೇ ಇಲ್ಲ, ಅಸ್ತ ಎಲ್ಲಿಂದ ಬಂತು! ‘ಮಾಲ್ಗುಡಿ ಡೇಸ್’ ತೆಗೆದ ದೊಡ್ಡಮನೆಯನ್ನ ಹೊರಗಿಂದ ನೋಡಿದೆ. ಕಾಲಿಗೆ ನಾಲ್ಕು ಇಂಬಳ ಹತ್ತಿದ್ದವು. ಅಮ್ಮನಿಗೆ ಹೇಳಬೇಡ.

ನಿಜವಾದ ಗೋಳು ಕಾಗದದ್ದು. ದಾವಣಗೆರೆ ಬಿಸಿಲಲ್ಲಿ ಹತ್ತು ನಿಮಿಷಕ್ಕೆ ಒಣಗೋ ಜಲವರ್ಣ ಇಲ್ಲಿ ಮೂರು ಗಂಟೆಯಾದರೂ ಹಸಿಹಸಿ. ಘಾಟಿ ತಿರುವಲ್ಲಿ ಕೂತು ಬೆಟ್ಟಕ್ಕೆ ಹಸಿರು ಕೊಟ್ಟೆ. ಛತ್ರಿ ಅಂಚಿಂದ ಹನಿ ಬಿದ್ದು ಬಣ್ಣ ಹೂಕೋಸಿನ ಹಾಗೆ ಒಡೀತು. ಅರೆ ಒಣಗಿದ ಬಣ್ಣಕ್ಕೆ ನೀರು ತಾಗಬಾರದು ಅಂತ ಗುರು ಇದ್ದವರಿಗೆ ಮೊದಲ ವಾರವೇ ಗೊತ್ತಾಗುತ್ತೆ. ನನಗೆ ಹೇಳಿಕೊಟ್ಟಿದ್ದು ಹಾಳಾದ ಹಾಳೆಗಳು. ಬರ್ನ್ಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಿದರೆ ಮೋಡದ ಬೂದು ಸಿಗುತ್ತೆ ಅಂತ ತಿಳಿಯೋಕೆ ಎರಡು ವರ್ಷ ಹಿಡೀತು. ಎಷ್ಟು ಟ್ಯೂಬ್ ಹೋಯ್ತು ಅನ್ನೋ ಲೆಕ್ಕ ನಿನ್ನ ಹತ್ತಿರವೇ ಇದೆ. ವ್ಯಾನ್ ಗಾಗ್ ಚಿತ್ರಕಾರ ಆಗ್ತೀನಿ ಅಂತ ಹೊರಟಿದ್ದು 27ಕ್ಕೆ, ದುಡ್ಡು ಕಳಿಸೋಕೆ ತಮ್ಮ ಇದ್ದ. ನಾನು ಶುರು ಮಾಡಿದ್ದು 43ಕ್ಕೆ, ನನಗೆ ನೀನಿದ್ದೀಯ.

ನಾನು ಉಳಿದಿರೋ ಮನೆಯ ಅಜ್ಜಿ ಏನೂ ಕೇಳದೆ ಒದ್ದೆ ಹಾಳೆ ಕಿತ್ಕೊಂಡು, ಒಲೆ ಮೇಲಿನ ಬಿದಿರಿನ ಅಟ್ಟದಲ್ಲಿ ಪುರಳೆ ಪಕ್ಕ ಒಣಗೋಕೆ ಇಟ್ಟರು. ಬಿಸಿ ಕಷಾಯ ಕೊಟ್ಟರು. ಊಟಕ್ಕೆ ಕಳಲೆ ಪಲ್ಯ, ಅಕ್ಕಿ ರೊಟ್ಟಿ. ಕಳಲೆ ಹೆಚ್ಚಿ, ನೀರು ಬದಲಿಸಿ ಬದಲಿಸಿ ಮೂರು ದಿನ ನೆನೆಸಬೇಕಂತೆ. ಐದು ರೊಟ್ಟಿ ತಿಂದೆ. ಆಮೇಲೆ ಅಜ್ಜಿ ಚಿತ್ರ ಇಳಿಸಿ ಬೆಂಕಿ ಬೆಳಕಿಗೆ ಹಿಡಿದರು. ಅಂಚು ಹೊಗೆಗೆ ಕಂದಿತ್ತು.

“ಬೆಟ್ಟ ಇಷ್ಟು ಸಾಫಾಗಿ ಎಲ್ಲಿ ಕಾಣ್ತದೆ ಮಾರಾಯ?” ಅಂದರು. ಹೂಕೋಸಿನ ಕಲೆ ಮೇಲೆ ಬೆರಳಿಟ್ಟು, “ಇಲ್ಲೊಂದು ಕಡೆ ಮಳೆ ಬರ್ತಾ ಇದೆ” ಅಂದರು.

ನನಗೆ ನಿದ್ದೆ ಹಾರಿಹೋಯ್ತು. ಇನ್ನೊಂದು ಹಾಳೆ ತೆಗೆದೆ. ಪೆನ್ಸಿಲ್ ಮುಟ್ಟಲಿಲ್ಲ, ಬೆಟ್ಟದ ಗೆರೆ ಹಾಕಲಿಲ್ಲ. ಹಾಳೆ ಪೂರ್ತಿ ನೆನೆಸಿ, ಇಂಡಿಗೋ ಹಚ್ಚಿ ಹಲಗೆ ಓರೆ ಹಿಡಿದೆ, ಅದರ ಪಾಡಿಗೆ ಅದು ಇಳೀತು. ಮಂಜಿನ ಜಾಗದಲ್ಲಿ ಬರೀ ಕಾಗದ ಬಿಟ್ಟೆ. ಅದೀಗ ಅಟ್ಟದ ಮೇಲಿದೆ, ಎರಡು ಸಲ ಎದ್ದು ನೋಡಿ ಬಂದೆ.

ಮೇಣದಬತ್ತಿ ಮುಗೀತಾ ಬಂತು. ಸಿಲಿಂಡರ್ ಬುಕ್ ಮಾಡಿದ್ಯಾ? ನೀನು ಹಾಲ್‌ನಲ್ಲಿ ತೂಗುಹಾಕಿದ್ದೀಯಲ್ಲ, ಆ ಹಸಿರು ಬೆಟ್ಟದ ಚಿತ್ರ, ಅದನ್ನ ನಾನು ಬರೋವರೆಗೆ ಇಳಿಸಿಡು. ಅದರಲ್ಲಿ ಮೇಲೆ ಎಡಗಡೆ ಸ್ವಲ್ಪ ನೀರು…