ದೆವ್ವದ ಹಾಡು

ನಮ್ಮ ಚಳ್ಳಕೆರೆ ಕಡೆಯ ಹೆಂಗಸರಿಗೆ ದೆವ್ವದ ಸಿನಿಮಾ ಎಂದರೆ 1979ರ ‘ನಾ ನಿನ್ನ ಬಿಡಲಾರೆ’. ರಾಜನ್-ನಾಗೇಂದ್ರರ ಆ ಹಾಡು ಕೇಳಿದ ಮೇಲೆ ರಾತ್ರಿ ಹಿತ್ತಲಿಗೆ ಒಬ್ಬಳೇ ಹೋಗಲು ಕಾಲೇ ಬರುತ್ತಿರಲಿಲ್ಲ.

ಈಚೆಗೆ ವರವು ಕಾವಲ್ ಅಂಚಿನ ತವರಿಗೆ ಹೋಗಿದ್ದೆ. (ದನ ಮೇಯುತ್ತಿದ್ದ ಕಾವಲಿಗೆ ಈಗ ಗೋಡೆ ಎದ್ದಿದೆ, ಆ ಮಾತು ಬೇರೆ.) ಅಣ್ಣನ ಮಗ “ಅತ್ತೆ, ಇದನ್ನ ಕೇಳಿ” ಎಂದು 1981ರ ‘ದಿ ಈವಿಲ್ ಒನ್’ ಹಾಕಿದ. ಹಾಡಿದವನು ಟೆಕ್ಸಾಸಿನ ರಾಕಿ ಎರಿಕ್‌ಸನ್. ನಡೆದಾಡುವ ಹೆಣ, ರಕ್ತ ಹೀರುವವರು, ಎರಡು ತಲೆಯ ನಾಯಿ, ಎಲ್ಲಾ ಹಳೆಯ ಹೆದರಿಕೆ ಸಿನಿಮಾಗಳ ಸರಕು. ಮಾತು ತಿಳಿಯಲಿಲ್ಲ, ಗಂಟಲಿನ ಕೂಗು ಮಾತ್ರ ತಿಳಿಯಿತು.

ಅವನನ್ನು 1969ರಲ್ಲಿ ಗಾಂಜಾಕ್ಕಾಗಿ ಹಿಡಿದರಂತೆ. ಬುದ್ಧಿ ಸರಿಯಿಲ್ಲವೆಂದು ಹೇಳಿ ಜೈಲು ತಪ್ಪಿಸಿಕೊಂಡದ್ದಕ್ಕೆ ಸಿಕ್ಕಿದ್ದು 1972ರವರೆಗೆ ಹುಚ್ಚಾಸ್ಪತ್ರೆ, ತಲೆಗೆ ಕರೆಂಟು.

ಸಿನಿಮಾದಲ್ಲಿ ದೆವ್ವ ಹಿಡಿದದ್ದು ಗಂಡಸನ್ನು. ನಮ್ಮ ಬೀದಿಯಲ್ಲಿ ಹಿಡಿಯುತ್ತಿದ್ದದ್ದು ಹೆಂಗಸರನ್ನೇ. ಬಾಣಂತನದಲ್ಲಿ ಮಾತು ಬಿಟ್ಟವಳೊಬ್ಬಳನ್ನು ಬೇವಿನ ಸೊಪ್ಪಿನಲ್ಲಿ ಹೊಡೆದದ್ದನ್ನು ನಾನೇ ಕಂಡಿದ್ದೇನೆ.

ರಾಕಿಗೆ 2001ರಲ್ಲಿ ತಮ್ಮನೇ ಹೊಣೆ ಹೊತ್ತು ಔಷಧಿ ಕೊಡಿಸಿದ. ಮತ್ತೆ ವೇದಿಕೆ ಹತ್ತಿ ಹಾಡಿ, 2019ರಲ್ಲಿ ತೀರಿಕೊಂಡ. ನಮ್ಮ ಬೀದಿಯವಳನ್ನು ತವರಿಗೆ ಕಳಿಸಿಬಿಟ್ಟರು. ಕೂಸನ್ನು ಇಲ್ಲೇ ಇಟ್ಟುಕೊಂಡರು.