ನಿಂತಲ್ಲೇ ಮೇಲೇಳುವ ಸೇತುವೆ

ಪ್ಯಾರಿಸ್ ಎಂದರೆ ನಮಗೆಲ್ಲ ಐಫೆಲ್ ಗೋಪುರ. ಅದೇ ಊರಿನ ಈಶಾನ್ಯ ಭಾಗದಲ್ಲಿ ಆ ಗೋಪುರಕ್ಕಿಂತ ನಾಲ್ಕು ವರ್ಷ ಹಿರಿಯದಾದ ಒಂದು ಕಬ್ಬಿಣದ ಸೇತುವೆಯಿದೆ. 1885ರದು. ಊರ್ಕ್ ಕಾಲುವೆಯನ್ನು ಕ್ರಿಮೆ ರಸ್ತೆ ದಾಟುವುದು ಇದರ ಮೇಲೆಯೇ. ಹೆಸರೂ ಕ್ರಿಮೆ ಸೇತುವೆ.

ಮಕ್ಕಳೇ, ದೋಣಿ ಬಂದರೆ ಈ ಸೇತುವೆ ಎದ್ದು ದಾರಿ ಬಿಡುತ್ತದೆ! ಪೆಟ್ಟಿಗೆಯ ಮುಚ್ಚಳದಂತೆ ಒಂದು ಬದಿಯಿಂದ ಏಳುವುದಲ್ಲ. ರಸ್ತೆಯ ತುಂಡಿಗೆ ತುಂಡೇ, ಮಟ್ಟಸವಾಗಿ, ಲಿಫ್ಟಿನ ಹಾಗೆ ಮೇಲೆ ಹೋಗುತ್ತದೆ. ನಾಲ್ಕು ಮೂಲೆಯಲ್ಲಿ ನಾಲ್ಕು ಕಂಬ, ಕಂಬದ ತಲೆಯ ಮೇಲೆ ದೊಡ್ಡ ರಾಟೆ. ಹಳ್ಳಿಯ ಬಾವಿಯ ರಾಟೆಗೆ ಇದು ಮುತ್ತಜ್ಜನಷ್ಟು ದೊಡ್ಡದು. ಒಂದು ಕಡೆ ಸೇತುವೆಯ ಭಾರ, ಇನ್ನೊಂದು ಕಡೆ ಅದನ್ನು ಸರಿದೂಗಿಸುವ ತೂಕ. ಏತದಲ್ಲಿ ನೀರೆತ್ತಿದ ಅಜ್ಜಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಎತ್ತುವವರು ಯಾರು? ನೀರು! ನಲ್ಲಿಯ ಬಾಯಿಗೆ ಬೆರಳಿಟ್ಟು ನೋಡಿ, ನೀರು ಬೆರಳನ್ನೇ ನೂಕುತ್ತದೆ. ಊರಿನ ಕೊಳವೆಯ ನೀರಿಗಿರುವ ಅಂಥದೇ ಒತ್ತಡವನ್ನು ದೊಡ್ಡ ಉರುಳೆಗಳೊಳಗೆ ಬಿಟ್ಟು, ಸೇತುವೆಯನ್ನು ಕೆಳಗಿನಿಂದ ನೂಕುವಂತೆ ಮಾಡಿದರು. ತೂಕ ಮೊದಲೇ ಸರಿದೂಗಿರುವುದರಿಂದ ನೀರಿಗೆ ಹೆಚ್ಚು ಕಷ್ಟವಿಲ್ಲ.

ಈ ಕಾಲುವೆ ಹುಟ್ಟಿದ್ದೂ ನೀರಿಗಾಗಿಯೇ. ಕುಡಿಯುವ ನೀರಿಗೆ ಪ್ಯಾರಿಸ್ ಪರದಾಡುತ್ತಿದ್ದ ಕಾಲ. 1802ರಲ್ಲಿ ನೆಪೋಲಿಯನ್ ಊರ್ಕ್ ನದಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ತರಿಸಲು ಅಪ್ಪಣೆ ಕೊಟ್ಟ. ಖರ್ಚಿಗೆ ವೈನ್ ಮೇಲೆ ತೆರಿಗೆ ಹಾಕಿದರಂತೆ; ಅಂದರೆ ನೀರಿನ ಸಾಲವನ್ನು ಕುಡುಕರು ತೀರಿಸಿದರು! 1808ರಲ್ಲಿ ನೀರು ಪ್ಯಾರಿಸಿಗೆ ಬಂತು. ಅದರ ಬೆನ್ನಿಗೇ ಸರಕಿನ ದೋಣಿಗಳೂ ಬಂದವು. ಇಲ್ಲಿ ಕಾಲುವೆಯ ದಡ ತಗ್ಗು, ರಸ್ತೆ ಸಪಾಟು. ದೋಣಿ ಹೋಗಬೇಕಾದರೆ ರಸ್ತೆ ಏಳಲೇಬೇಕು.

ಇಂದು ಬರುವುದು ಹೆಚ್ಚಾಗಿ ಪ್ರವಾಸಿಗರ ದೋಣಿ. ಒಂದು ದೋಣಿಗಾಗಿ ಕಾರು, ಸೈಕಲ್ಲು, ಎಲ್ಲವೂ ಸಾಲಾಗಿ ಕಾಯುತ್ತವೆ. ಕಾಲ್ನಡಿಗೆಯವರು ಮಾತ್ರ ಕಾಯಬೇಕಿಲ್ಲ. ಅವರಿಗೆಂದೇ ಪಕ್ಕದಲ್ಲಿ ಕಮಾನಿನಂಥ ಎತ್ತರದ ಕಾಲುಸೇತುವೆಯಿದೆ. ಅದಕ್ಕೆ ಮೆಟ್ಟಿಲು ಹತ್ತಬೇಕು. ಶಾಲೆಯ ಮಕ್ಕಳಿಗೆ ಅದು ಸಂತೋಷವೇ: ಓಡಿ ಹತ್ತಿ ನಡುವೆ ನಿಂತರೆ, ಕಾಲಡಿಯಲ್ಲಿ ದೋಣಿ, ಪಕ್ಕದಲ್ಲಿ ಮೇಲೆದ್ದ ರಸ್ತೆ! ಮೊಣಕಾಲು ನೋವಿನವರಿಗೆ, ಮಗುವಿನ ಗಾಡಿ ತಳ್ಳುವವರಿಗೆ ಆ ಮೆಟ್ಟಿಲು ಯಾವ ಉಪಯೋಗಕ್ಕೂ ಇಲ್ಲ. ನನ್ನ ಪ್ರಕಾರ ಸೇತುವೆಯ ಕೆಲಸವನ್ನು ಸರಿಯಾಗಿ ನೋಡುವವರು ಅವರೇ. ದೋಣಿ ದಾಟುವುದು, ರಾಟೆ ಹಿಂದಕ್ಕೆ ತಿರುಗುವುದು, ರಸ್ತೆ ಮೆಲ್ಲಗೆ ಇಳಿದು ತನ್ನ ಜಾಗದಲ್ಲಿ ಕೂರುವುದು, ಎಲ್ಲವನ್ನೂ ನೋಡಿದ ಮೇಲೆಯೇ ಅವರು ಆಚೆ ದಡಕ್ಕೆ ಹೊರಡುವುದು.