ಹೋಟೆಲಿನಲ್ಲಿ ಬಿಟ್ಟು ಬಂದದ್ದು

ಪರಸ್ಥಳಕ್ಕೆ ಹೋಗಿ ಹೋಟೆಲಿನಲ್ಲಿ ತಂಗಿದವನು ಕೋಣೆ ಬಿಡುವ ಮುನ್ನ ತಲೆದಿಂಬಿನ ಅಡಿಯನ್ನೂ ಬಚ್ಚಲುಮನೆಯ ಗೂಟವನ್ನೂ ಒಮ್ಮೆ ನೋಡಿ ಬರಬೇಕೆಂಬುದು ನಮ್ಮ ಮನೆಯ ಹಳೆಯ ಶಾಸನ. ನಾನು ಅದನ್ನು ನಿಷ್ಠೆಯಿಂದ ಪಾಲಿಸುತ್ತ ಬಂದವನು. ಆದರೂ ಬಿಟ್ಟು ಬಂದ ಸಾಮಾನುಗಳ ಪಟ್ಟಿ ಚಿಕ್ಕದೇನಲ್ಲ: ಎರಡು ಟವೆಲು, ಒಂದು ಕನ್ನಡಕ, ಫೋನಿನ ಚಾರ್ಜರುಗಳಿಗಂತೂ ಲೆಕ್ಕವಿಲ್ಲ. ಇವು ಯಾವುವೂ ನನ್ನ ಸಂಸಾರದಲ್ಲಿ ಕಲಹ ಹುಟ್ಟಿಸಿದವಲ್ಲ. ಕಳೆದ ಜನವರಿಯಲ್ಲಿ ಧಾರವಾಡದ ಹೋಟೆಲೊಂದರಲ್ಲಿ ಬಿಟ್ಟು ಬಂದ ವಸ್ತು ಮಾತ್ರ ಬೇರೆ ಜಾತಿಯದು. ದಿಂಬಿನ ಕೆಳಗೆ ಹುಡುಕಿದರೆ ಅದು ಸಿಕ್ಕುತ್ತಿರಲಿಲ್ಲ.

ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಹೋಗಿದ್ದೆ. ಹಗಲೆಲ್ಲ ಹಳಗನ್ನಡದ ಷಟ್ಪದಿಗಳ ಮೇಲೆ ಹುಡುಗರು ನಡೆಸಿದ ದೌರ್ಜನ್ಯವನ್ನು ಕಂಡು ಕಣ್ಣೂ ಮನಸ್ಸೂ ದಣಿದಿದ್ದವು. ಕೋಣೆಯ ಗೋಡೆಯ ಮೇಲೆ ದೊಡ್ಡದೊಂದು ಸ್ಮಾರ್ಟ್ ಟಿವಿ ಇತ್ತು. ಮನೆಯಲ್ಲಿ ಅರ್ಧ ನೋಡಿ ಬಿಟ್ಟ ಹಳೆಯ ಚಿತ್ರವೊಂದರ ನೆನಪಾಯಿತು. ನೆಟ್‌ಫ್ಲಿಕ್ಸನ್ನು ಒತ್ತಿದೆ, ಮಿಂಚಂಚೆಯ ವಿಳಾಸ ಕೊಡು ಎಂದಿತು.

ರಿಮೋಟಿನ ಬಾಣದ ಗುಂಡಿಯಿಂದ ಒಂದೊಂದೇ ಅಕ್ಷರವನ್ನು ಹಿಡಿಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ‘ಎ’ಯಿಂದ ‘ಪಿ’ಗೆ ಹೋಗಬೇಕಾದರೆ ಊರೆಲ್ಲ ಸುತ್ತಬೇಕು, ಒಂದು ಹೆಜ್ಜೆ ಹೆಚ್ಚಾದರೆ ಹಿಂದಕ್ಕೆ ಬರಬೇಕು. ನಾನು ಹೀಗೆ ಪಾಸ್‌ವರ್ಡನ್ನು ಪೋಣಿಸುತ್ತಿದ್ದಾಗ ಕಾಫಿ ತಂದ ಹುಡುಗ ಬಾಗಿಲಲ್ಲೇ ನಿಂತು ಕುತೂಹಲದಿಂದ ನೋಡುತ್ತಿದ್ದ. ಅದು ನನ್ನಾಕೆಯನ್ನು ನಾನು ಕರೆಯುವ ಹೆಸರು. ಮನೆಯ ನಾಲ್ಕು ಗೋಡೆಗಳ ಆಚೆ ಎಂದೂ ಹೋಗದಿದ್ದ ಆ ಹೆಸರು ಇಷ್ಟು ದೊಡ್ಡ ತೆರೆಯ ಮೇಲೆ ಮೆರೆಯಿತು. ಅದಿರಲಿ. ಚಿತ್ರ ನೋಡಿದೆ, ಸುಖವಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಹೊರಡುವಾಗ ದಿಂಬಿನ ಅಡಿ ನೋಡಿದೆ, ಗೂಟ ನೋಡಿದೆ. ಗೋಡೆಗೆ ಸಿಕ್ಕಿಸಿದ್ದ ಕಾರ್ಡನ್ನು ಕಿತ್ತೆ. ದೀಪ, ಫ್ಯಾನು, ಟಿವಿ ಎಲ್ಲವೂ ಒಮ್ಮೆಗೇ ಆರಿದವು. ಎಲ್ಲ ಮುಗಿಯಿತೆಂದು ಬೀಗಿದೆ.

ಫೆಬ್ರವರಿಯಲ್ಲಿ ಒಂದು ಭಾನುವಾರ ಮನೆಯ ಟಿವಿ ಹಾಕಿದವನು ಅಕಸ್ಮಾತ್ತಾಗಿ ಮಗನ ಚಿತ್ರವಿದ್ದ ಚೌಕವನ್ನು ಒತ್ತಿದೆ. ಅವನು ಎರಡನೆಯ ಪಿಯುಸಿ. ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ. ಅಲ್ಲಿ ಅರ್ಧ ನೋಡಿಟ್ಟ ಚಿತ್ರಗಳ ಸಾಲೊಂದು ಕಂಡಿತು: ಮೂರು ದೆವ್ವದ ಕಥೆಗಳು, ರಕ್ತ ಚೆಲ್ಲುವ ಕೊಲೆಯ ಸರಣಿ, ಇನ್ನೊಂದರ ಹೆಸರನ್ನು ಇಲ್ಲಿ ಬರೆಯುವುದು ಬೇಡ. ನನ್ನ ಪಿತ್ತ ನೆತ್ತಿಗೇರಿತು. ಕರೆದು ಕೇಳಿದೆ. “ನಾನಲ್ಲ ಅಪ್ಪಾ” ಎಂದ. “ನೀನಲ್ಲದೆ ನಿಮ್ಮ ಅಜ್ಜಿ ನೋಡಿದಳೇ?” ಎಂದೆ. ಅವನು ಮತ್ತೊಮ್ಮೆ “ನಾನಲ್ಲ” ಎಂದ. ಕಳ್ಳತನಕ್ಕಿಂತ ಸುಳ್ಳು ದೊಡ್ಡದು ಎಂಬ ವಿಷಯದ ಮೇಲೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ, ವೃತ್ತಿಯೇ ಅದಲ್ಲವೆ! ಅವನ ತಾಯಿ ಅಡಿಗೆಮನೆಯಿಂದ, “ಹುಡುಗ ಹತ್ತಕ್ಕೆ ಮಲಗುತ್ತಾನಲ್ಲ” ಎಂದದ್ದು ನನ್ನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಮೂರು ದಿನ ನಾನು ಅವನೊಡನೆ ಮಾತಾಡಲಿಲ್ಲ. ಅವನು ತಟ್ಟೆಯ ಮೇಲಿನ ದೃಷ್ಟಿ ಎತ್ತದೆ ಊಟ ಮಾಡಿ ಏಳುತ್ತಿದ್ದ.

ನಾಲ್ಕನೆಯ ದಿನ ಅವನು ತನ್ನ ಫೋನನ್ನು ನನ್ನ ಮುಂದೆ ಇಟ್ಟು ಏನೂ ಹೇಳದೆ ನಿಂತ. ನಮ್ಮ ಖಾತೆಯನ್ನು ಯಾವ ಯಾವ ಸಾಧನಗಳಲ್ಲಿ ಯಾವ ಹೊತ್ತಿನಲ್ಲಿ ನೋಡಲಾಗಿದೆ ಎಂದು ತಿಳಿಸುವ ಪುಟವೊಂದಿದೆ. ನೆಟ್‌ಫ್ಲಿಕ್ಸಿನವರು ಇದನ್ನು 2022ರ ನವೆಂಬರಿನಲ್ಲಿ ಕೊಟ್ಟರು. ಅಲ್ಲಿ ನಮ್ಮ ಮನೆಯ ಟಿವಿ, ನಮ್ಮ ಫೋನುಗಳು, ಇವುಗಳ ಜೊತೆಗೆ ನಮ್ಮಲ್ಲಿಲ್ಲದ ಕಂಪನಿಯ ಟಿವಿಯೊಂದು. ನೋಡಿದ್ದು ರಾತ್ರಿ ಎರಡು ಗಂಟೆಗೆ. ಬಳಸಿದ್ದು ಮಗನ ಚೌಕ. ಖಾತೆಯನ್ನು ತೆರೆದವನು ಅವನಾದ್ದರಿಂದ ಅವನದೇ ಮೊದಲು ನಿಲ್ಲುತ್ತದೆ. ಅಪರಿಚಿತನ ಬೆರಳು ಅಲ್ಲಿಗೇ ಹೋಗಿದೆ. “ಧಾರವಾಡದ ಕೋಣೆಯಲ್ಲಿ ಯಾವ ಟಿವಿ ಇತ್ತು?” ಎಂದು ಕೇಳಿದ. ಉತ್ತರ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿರುತ್ತಿತ್ತು.

ಕಾರ್ಡು ಕಿತ್ತರೆ ಟಿವಿ ಆರುತ್ತದೆಯೇ ಹೊರತು ಮರೆಯುವುದಿಲ್ಲ ಎಂಬುದನ್ನು ಆಮೇಲೆ ಅವನೇ ತಿಳಿಸಿಕೊಟ್ಟ. ಒಮ್ಮೆ ಪಾಸ್‌ವರ್ಡ್ ಸರಿಯಾದರೆ ಟಿವಿಯ ಹೊಟ್ಟೆಯಲ್ಲಿ ಒಂದು ರಹದಾರಿ ಚೀಟಿ ಉಳಿಯುತ್ತದಂತೆ. ವಿದ್ಯುತ್ತು ಹೋದರೂ ಅದು ಅಳಿಯದು. ದೊಡ್ಡ ಹೋಟೆಲುಗಳಲ್ಲಿ ಕೆಲವೆಡೆ ಟಿವಿಗೂ ಕೆಳಗಿನ ಲೆಕ್ಕದ ಮೇಜಿಗೂ ಸಂಬಂಧ ಕಲ್ಪಿಸಿರುತ್ತಾರೆ. ಅತಿಥಿ ಲೆಕ್ಕ ತೀರಿಸಿದೊಡನೆ ಚೀಟಿ ಅಳಿಸಿಹೋಗುತ್ತದೆ. ನನ್ನಂಥವರು ತಂಗುವ ಕಡೆ ಇರುವುದು ಅಂಗಡಿಯಿಂದ ತಂದು ಗೋಡೆಗೆ ಹೊಡೆದ ಮನೆಯ ಟಿವಿ. ಕೋಣೆ ಗುಡಿಸುವವರು ಹಾಸಿಗೆಯ ವಸ್ತ್ರ ಬದಲಿಸುತ್ತಾರೆ, ಸೋಪು ಬದಲಿಸುತ್ತಾರೆ. ಇದನ್ನು ಬದಲಿಸುವುದು ಯಾರ ಕೆಲಸವೂ ಅಲ್ಲ.

ಅದೃಷ್ಟಕ್ಕೆ ಬೀಗ ಹಾಕಲು ಧಾರವಾಡಕ್ಕೆ ಹೋಗಬೇಕಾಗಿರಲಿಲ್ಲ. ಅದೇ ಪುಟದಲ್ಲಿ ಆ ಟಿವಿಯೊಂದನ್ನೇ ಹೊರಗೆ ಹಾಕಬಹುದು. ಅನುಮಾನವಿದ್ದರೆ ಎಲ್ಲ ಸಾಧನಗಳಿಂದಲೂ ಹೊರಬರಬಹುದು. ನಾವು ಎರಡನೆಯದನ್ನೇ ಮಾಡಿದೆವು. ಪಾಸ್‌ವರ್ಡನ್ನೂ ಬದಲಿಸಿದೆವು, ಕಾಫಿಯ ಹುಡುಗನ ನೆನಪಾಗಿ. ಬೇರೆ ಕಡೆ ಅದೇ ಪಾಸ್‌ವರ್ಡ್ ಇದೆಯೇ ಎಂದು ಮಗ ಕೇಳಿದ. ಮಿಂಚಂಚೆಗೂ ಅದೇ ಇತ್ತು! ಅದನ್ನು ಬದಲಿಸಿದ್ದು ಇದಕ್ಕಿಂತ ಅವಸರದಿಂದ.

ಈಗ ನಾನು ಹೊರಗೆ ಹೋದರೆ ಹೆಚ್ಚಾಗಿ ಫೋನಿನಲ್ಲೇ ನೋಡುತ್ತೇನೆ. ತೆರೆ ಚಿಕ್ಕದು, ಆದರೆ ಜೇಬಿನಲ್ಲೇ ಮನೆಗೆ ಬರುತ್ತದೆ. ದೊಡ್ಡ ತೆರೆಯ ಆಸೆಯಾದಾಗ ಪಾಸ್‌ವರ್ಡನ್ನು ರಿಮೋಟಿನಲ್ಲಿ ಪೋಣಿಸುವುದಿಲ್ಲ. ಟಿವಿ ತೋರಿಸುವ ಕೋಡನ್ನು ಫೋನಿನಲ್ಲಿ ಒಪ್ಪಿಸುವ ಕ್ರಮವಿದೆ. ಅದರಿಂದ ಬಾಗಿಲಲ್ಲಿ ನಿಂತವರ ಕಣ್ಣಿಗೆ ಏನೂ ಬೀಳದು. ಚೀಟಿಯಂತೂ ಆಗಲೂ ಉಳಿಯುತ್ತದೆ, ಹೊರಡುವಾಗ ಸೈನ್ ಔಟ್ ಆಗಲೇಬೇಕು. 2024ರಿಂದ ಕೆಲವು ಹೋಟೆಲುಗಳಲ್ಲಿ ತೆರೆಯ ಮೇಲಿನ ಚೌಕಗುರುತಿಗೆ ಫೋನು ಹಿಡಿದರೆ ಸಾಕು, ಫೋನಿನ ಚಿತ್ರವೇ ಟಿವಿಯಲ್ಲಿ ಮೂಡುವ ಏರ್ಪಾಡೂ ಬಂದಿದೆ. ಆ ದರ್ಜೆಯ ಹೋಟೆಲಿಗೆ ವಿಶ್ವವಿದ್ಯಾಲಯದ ಭತ್ಯೆ ಸಾಲದು.

ಮೊನ್ನೆ ಶಿವಮೊಗ್ಗದಲ್ಲಿ ಟಿವಿ ಹಾಕಿದೊಡನೆ ಬೇರಾರದೋ ಐದು ಚೌಕಗಳು ಎದುರಾದವು: ಅಪ್ಪ, ಅಮ್ಮ, ಪುಟ್ಟಿ, ಮತ್ತಿಬ್ಬರು. ನೋಡಬಾರದವರ ಮನೆಯ ನಡುಮನೆಗೆ ಕಾಲಿಟ್ಟಂತಾಯಿತು. ಪುಟ್ಟಿಯ ಚೌಕದ ಮೇಲೆ ಯಾರ ಬೆರಳಾದರೂ ಹೋಗಬಹುದೆನಿಸಿತು. ಯಾವುದನ್ನೂ ತೆರೆಯದೆ, ಸೈನ್ ಔಟ್ ಹುಡುಕಿ ಅವರನ್ನು ಮನೆಗೆ ಕಳಿಸಿದೆ.

ಮಗನ ಕ್ಷಮೆ ಕೇಳಿದೆ. “ಪರವಾಗಿಲ್ಲ ಬಿಡಪ್ಪಾ” ಎಂದ. ಆದರೆ ಅದೇ ಸಂಜೆ ತನ್ನ ಚೌಕಕ್ಕೆ ನಾಲ್ಕಂಕಿಯ ಬೀಗ ಹಾಕಿಕೊಂಡ. ಆ ಅಂಕಿಗಳು ಯಾವುವೆಂದು ನಾನು ಕೇಳಿಲ್ಲ. ಅವನು ಹೇಳಿಯೂ ಇಲ್ಲ.